ಮಗನ ಜಿಎಚ್ (ಬೆಳವಣಿಗೆ ಹಾರ್ಮೋನ್) ರಿಪೋರ್ಟ್ 0.2 ಅಂತ ಬಂದಿದೆ, ಇದನ್ನ ಹೇಗೆ ಓದೋದು?

ಕಬ್ಬಿನಗದ್ದೆ (ಮಂಡ್ಯ)
ಎಲ್ಲರಿಗೂ ನಮಸ್ಕಾರ. ಮಗನಿಗೆ 11 ವರ್ಷ. ಎತ್ತರ 127 ಸೆಂ.ಮೀ. ಶಾಲೆಯ ಫೋಟೋದಲ್ಲಿ ಯಾವಾಗಲೂ ಮುಂದಿನ ಸಾಲು. ತಂಗಿಗೆ 9 ವರ್ಷ, ಅವಳು ಆಗಲೇ ಇವನ ಕಿವಿ ಮಟ್ಟಕ್ಕೆ ಬಂದಿದ್ದಾಳೆ. ಅವರಜ್ಜಿ ದಿನಾ ಇದೇ ಮಾತು ಎತ್ತುತ್ತಾರೆ.

ಒಂದು ಲ್ಯಾಬ್‌ನಲ್ಲಿ ‘ಮಕ್ಕಳ ಬೆಳವಣಿಗೆ ಪ್ಯಾಕೇಜ್’ ಅಂತ ಬೋರ್ಡ್ ಹಾಕಿದ್ದರು. ಡಾಕ್ಟರ್ ಚೀಟಿ ಏನೂ ಕೇಳಲಿಲ್ಲ, ರಕ್ತ ತೆಗೆದುಕೊಂಡರು. ಬಂದಿರೋದು ಇಷ್ಟು:

ಜಿಎಚ್ (ಬೆಳಗ್ಗೆ 9 ಗಂಟೆ, ಖಾಲಿ ಹೊಟ್ಟೆ): 0.2 ನ್ಯಾನೋಗ್ರಾಂ/ಎಂಎಲ್
ಐಜಿಎಫ್‌-1: 108 ನ್ಯಾನೋಗ್ರಾಂ/ಎಂಎಲ್
ಟಿಎಸ್‌ಎಚ್: 3.1 (ಇದು ಥೈರಾಯ್ಡ್ ಟೆಸ್ಟ್)

ಕೌಂಟರ್‌ನಲ್ಲಿ ಇದ್ದವರು ‘ಹಾರ್ಮೋನೇ ಇಲ್ಲ ಸಾರ್, ಇಂಜೆಕ್ಷನ್ ಬೇಕಾಗುತ್ತೆ’ ಅಂದುಬಿಟ್ಟರು. ಮನೆಯವರು ಆವತ್ತಿಂದ ಸರಿಯಾಗಿ ಊಟ ಮಾಡಿಲ್ಲ. ಗೊತ್ತಿರೋರು ಹೇಳಿ. 0.2 ಅಂದರೆ ನಿಜವಾಗಿ ಏನು?

ಲ್ಯಾಬ್ ಕೋಟು (ಮೈಸೂರು)
ಅಣ್ಣ, ಮೊದಲು ಮನೆಯವರಿಗೆ ಊಟ ಮಾಡೋಕೆ ಹೇಳಿ. ಆ 0.2ರಿಂದ ಏನೂ ಗೊತ್ತಾಗಲ್ಲ.

ನಾನು ಲ್ಯಾಬ್‌ನಲ್ಲೇ ಕೆಲಸ ಮಾಡೋದು, ಹಾರ್ಮೋನ್ ಸ್ಯಾಂಪಲ್ ದಿನಾ ನೋಡುತ್ತೇನೆ. ಮೆದುಳಿನ ಬುಡದಲ್ಲಿರೋ ಪಿಟ್ಯುಟರಿ ಗ್ರಂಥಿ ಜಿಎಚ್ ಅನ್ನು ದಿನವಿಡೀ ಒಂದೇ ಸಮನೆ ಬಿಡಲ್ಲ. ಒಮ್ಮೆ ಬಿಡುತ್ತೆ, ಆಮೇಲೆ ಗಂಟೆಗಟ್ಟಲೆ ಸುಮ್ಮನಿರುತ್ತೆ. ದೊಡ್ಡ ಪಾಲು ರಾತ್ರಿ ಗಾಢ ನಿದ್ದೆಯಲ್ಲಿ ಬರುತ್ತೆ. ರಕ್ತಕ್ಕೆ ಬಂದದ್ದು 20 ನಿಮಿಷದೊಳಗೆ ಅರ್ಧ ಆಗುತ್ತೆ. ಹಾಗಾಗಿ ಬೆಳಗ್ಗೆ 9 ಗಂಟೆಗೆ ಚೆನ್ನಾಗಿ ಬೆಳೀತಿರೋ ಮಗುವಿನ ರಕ್ತ ತೆಗೆದರೂ 0.2 ಬರಬಹುದು. ಕೆಲವು ಸಲ ಮಷಿನ್ ಅಳೆಯೋಕೆ ಆಗದಷ್ಟು ಕಮ್ಮಿಯೂ ಬರುತ್ತೆ.

ನಿಮ್ಮ ಕಡೆ ವಿ.ಸಿ. ನಾಲೆಗೆ ಕಟ್ಟು ಪದ್ಧತಿಯಲ್ಲಿ ನೀರು ಬಿಡ್ತಾರಲ್ವಾ? ನೀರು ನಿಲ್ಲಿಸಿದ ದಿನ ನಾಲೆ ನೋಡಿ ‘ಕೆಆರ್‌ಎಸ್ ಖಾಲಿ’ ಅಂದರೆ ಹೇಗೆ? ಗದ್ದೆಯ ತೇವ ನೋಡಬೇಕು. ಇಲ್ಲಿ ಆ ತೇವ ಅಂದರೆ ಜಿಎಚ್ ಹೇಳಿದಂತೆ ದೇಹ ಮಾಡೋ, ರಕ್ತದಲ್ಲಿ ಗಂಟೆಗಟ್ಟಲೆ ಉಳಿಯೋ ಇನ್ನೊಂದು ಹಾರ್ಮೋನ್, ಐಜಿಎಫ್‌-1.

ನಿಮ್ಮ ರಿಪೋರ್ಟ್‌ನಲ್ಲಿ 108ರ ಪಕ್ಕ ಯಾವ ರೇಂಜ್ ಪ್ರಿಂಟ್ ಆಗಿದೆ? ಫೋಟೋ ಹಾಕಬೇಡಿ, ಹೆಸರು ಕಾಣುತ್ತೆ. ಸುಮ್ನೆ ಟೈಪ್ ಮಾಡಿ.

ಕಬ್ಬಿನಗದ್ದೆ (ಮಂಡ್ಯ)
ರೇಂಜ್‌ನಲ್ಲಿ ವಯಸ್ಸು ಬರೆದೇ ಇಲ್ಲ. ಒಂದೇ ಒಂದು ಸಾಲು ಇದೆ, ಅದರ ಪ್ರಕಾರ 108 ಕಮ್ಮಿ ಅಂತ ಕೆಂಪಕ್ಷರದಲ್ಲಿ ತೋರಿಸಿದ್ದಾರೆ.

ಲ್ಯಾಬ್ ಕೋಟು (ಮೈಸೂರು)
ನಾನು ಅಂದುಕೊಂಡದ್ದೂ ಅದನ್ನೇ. ಎಲ್ಲ ವಯಸ್ಸಿಗೂ ಒಂದೇ ಸಾಲು ಹಾಕೋ ಸಾಫ್ಟ್‌ವೇರ್ ಅದು. ಐಜಿಎಫ್‌-1ಗೆ ಹಾಗೆ ಮಾಡೋ ಹಾಗೇ ಇಲ್ಲ. ಎಳೆ ಮಕ್ಕಳಲ್ಲಿ ಅದು ತುಂಬ ಕಮ್ಮಿ. ಆಮೇಲೆ ನಿಧಾನವಾಗಿ ಏರುತ್ತೆ. ಹರೆಯದಲ್ಲಿ ಜೀವನದಲ್ಲೇ ಅತಿ ಹೆಚ್ಚಿನ ಮಟ್ಟ ಮುಟ್ಟುತ್ತೆ. ನಂತರ ವಯಸ್ಸಾದ ಹಾಗೆಲ್ಲ ಇಳಿಯುತ್ತೆ. ಗಂಡು ಹೆಣ್ಣಿಗೂ ಬೇರೆ ಬೇರೆ. 11 ವರ್ಷದ ಇಬ್ಬರು ಹುಡುಗರಲ್ಲಿ ಒಬ್ಬನಿಗೆ ಹರೆಯ ಶುರುವಾಗಿದ್ದರೆ ಅವನ ಸಂಖ್ಯೆ ಇನ್ನೊಬ್ಬನ ಎರಡರಷ್ಟು ಇದ್ದರೂ ಇಬ್ಬರೂ ಸರಿಯಾಗೇ ಇರಬಹುದು.

ಆ ಲ್ಯಾಬ್‌ಗೆ ಫೋನ್ ಮಾಡಿ, ಯಾವ ಕಂಪನಿ ಮಷಿನ್, ಆ ಕಿಟ್‌ಗೆ 11 ವರ್ಷದ ಗಂಡು ಮಗುವಿನ ರೇಂಜ್ ಏನು ಅಂತ ಕೇಳಿ. ಕೊಡಲೇಬೇಕು ಅವರು. ಬೇರೆ ಲ್ಯಾಬ್‌ನ ಚಾರ್ಟ್ ತಂದು ಹೋಲಿಸಬೇಡಿ. ಒಂದೇ ರಕ್ತ ಎರಡು ಮಷಿನ್‌ನಲ್ಲಿ ಹಾಕಿದರೆ ಎರಡು ಸಂಖ್ಯೆ ಬರುತ್ತೆ.

ನಿವೃತ್ತ ಮೇಷ್ಟ್ರು (ಕುವೆಂಪುನಗರ)
ಬಯೋಕೆಮಿಸ್ಟ್ರಿ ಪಾಠ ಮಾಡಿ ರಿಟೈರ್ ಆದವನು ನಾನು. ಈ ಐಜಿಎಫ್‌-1 ಎಲ್ಲಿಂದ ಬಂತು ಅಂತ ತಿಳಿದರೆ ರಿಪೋರ್ಟ್ ಓದೋದು ಸುಲಭ.

1957ರಲ್ಲಿ ಅಮೆರಿಕದ ಸಾಲ್ಮನ್ ಮತ್ತು ಡಾಹಡೇ ಇಲಿಗಳ ಮೃದ್ವಸ್ಥಿ ಇಟ್ಟುಕೊಂಡು ಒಂದು ಪ್ರಯೋಗ ಮಾಡಿದರು. ಮೃದ್ವಸ್ಥಿ ಅಂದರೆ ಮೂಳೆಯ ತುದಿಯಲ್ಲಿರುವ ಮೆತ್ತನೆಯ ಭಾಗ, ಎತ್ತರ ಬೆಳೆಯೋದು ಅಲ್ಲೇ. ಬೆಳೆಯುವಾಗ ಅದು ಸಲ್ಫೇಟ್ ಹೀರುತ್ತೆ, ಎಷ್ಟು ಹೀರುತ್ತೆ ಅಂತ ಅಳೆದರು. ಬೆಳವಣಿಗೆ ಹಾರ್ಮೋನನ್ನು ಅದರ ಮೇಲೆ ನೇರವಾಗಿ ಹಾಕಿದರೆ ಹೆಚ್ಚೇನೂ ಆಗಲಿಲ್ಲ. ಆರೋಗ್ಯವಾಗಿರುವ ಇಲಿಯ ಸೀರಂ (ರಕ್ತ ಹೆಪ್ಪುಗಟ್ಟಿದ ಮೇಲೆ ಉಳಿಯೋ ತಿಳಿ ದ್ರವ) ಹಾಕಿದರೆ ಚೆನ್ನಾಗಿ ಹೀರಿತು. ಪಿಟ್ಯುಟರಿ ತೆಗೆದ ಇಲಿಯ ಸೀರಂನಿಂದ ಹಾಗಾಗಲಿಲ್ಲ. ಅಂಥ ಇಲಿಗೆ ಹಾರ್ಮೋನ್ ಕೊಟ್ಟು, ಆಮೇಲೆ ಅದರ ಸೀರಂ ತೆಗೆದು ಹಾಕಿದರೆ ಮತ್ತೆ ಕೆಲಸ ಮಾಡಿತು. ಅಂದರೆ ನಡುವೆ ಇನ್ನೊಬ್ಬ ಇದ್ದಾನೆ ಅಂತಾಯಿತು. ಅವನೇ ಈ ಐಜಿಎಫ್‌-1. 1978ರಲ್ಲಿ ಅದರ ಪೂರ್ತಿ ರಚನೆ ತಿಳಿಯಿತು. 70 ಅಮೈನೋ ಆಮ್ಲಗಳ ಸಣ್ಣ ಪ್ರೋಟೀನ್, ಇನ್ಸುಲಿನ್‌ನ ದಾಯಾದಿ ಅನ್ನಬಹುದು.

ರಕ್ತದಲ್ಲಿರೋ ಐಜಿಎಫ್‌-1ರ ಮುಖ್ಯ ಪಾಲು ಲಿವರ್‌ನಿಂದ ಬರುತ್ತೆ, ಜಿಎಚ್ ಹೇಳಿದಷ್ಟು. ರಕ್ತದಲ್ಲಿ ಅದು ಒಂಟಿಯಾಗಿ ಓಡಾಡಲ್ಲ. ಐಜಿಎಫ್‌ಬಿಪಿ-3 ಅನ್ನೋ ಪ್ರೋಟೀನಿಗೆ ಅಂಟಿಕೊಂಡಿರುತ್ತೆ, ಆ ಜೋಡಿಗೆ ಇನ್ನೂ ಒಂದು ಪ್ರೋಟೀನ್ ಸೇರಿಕೊಳ್ಳುತ್ತೆ. ಹೀಗೆ ಮೂವರು ಸೇರಿದ್ದರಿಂದ ಗಂಟೆಗಟ್ಟಲೆ ಉಳಿಯುತ್ತೆ. ಬೆಳಗ್ಗೆ ಸಂಜೆ ಅಂತ ಜಾಸ್ತಿ ವ್ಯತ್ಯಾಸ ಇಲ್ಲ, ಉಪವಾಸ ಇರಬೇಕಾಗಿಯೂ ಇಲ್ಲ.

ಆದರೆ ‘ಲಿವರ್‌ನಿಂದ ಬರುತ್ತೆ’ ಅನ್ನೋ ಮಾತಿನಲ್ಲೇ ತೊಡಕೂ ಇದೆ. ಊಟ ಸಾಲದಿದ್ದರೆ ಪಿಟ್ಯುಟರಿ ಎಷ್ಟು ಕೂಗಿದರೂ ಲಿವರ್ ಐಜಿಎಫ್‌-1 ಮಾಡಲ್ಲ. ಥೈರಾಯ್ಡ್ ಕಮ್ಮಿ ಇದ್ದರೂ, ಲಿವರ್ ಕಾಯಿಲೆ ಇದ್ದರೂ, ಸಕ್ಕರೆ ಕಾಯಿಲೆ ಹಿಡಿತದಲ್ಲಿ ಇಲ್ಲದಿದ್ದರೂ ಅದು ಕುಸಿಯುತ್ತೆ. ಹಾಗಾಗಿ ಸಣಕಲು ಮಗುವಿನಲ್ಲಿ ಐಜಿಎಫ್‌-1 ಕಮ್ಮಿ ಬಂದರೆ ನಾನಂತೂ ಮೊದಲು ತಟ್ಟೆ ನೋಡಿ ಅಂತೀನಿ, ಪಿಟ್ಯುಟರಿ ಆಮೇಲೆ. ಹುಡುಗನ ತೂಕ ಎಷ್ಟು?

ಕಬ್ಬಿನಗದ್ದೆ (ಮಂಡ್ಯ)
23 ಕೆಜಿ ಸರ್. ಬೆಳಗ್ಗೆ ಒಂದು ಲೋಟ ಹಾಲು ಕುಡಿದು ಶಾಲೆಗೆ ಓಡ್ತಾನೆ. ಮಧ್ಯಾಹ್ನ ಶಾಲೆಯ ಬಿಸಿಯೂಟ. ರಾತ್ರಿ ಮುದ್ದೆ ಸಾರು, ಅದೂ ಅರ್ಧ ಮುದ್ದೆ. ಮೊಟ್ಟೆ ಕಂಡರಾಗಲ್ಲ.

ಜಿಮ್ ಹುಡುಗ
ಸರ್ ಸಿಂಪಲ್. ಐಜಿಎಫ್ ನಾರ್ಮಲ್ ಬಂದರೆ ಜಿಎಚ್ ಕೊರತೆ ಇಲ್ಲ, ಕಮ್ಮಿ ಬಂದರೆ ಇದೆ. ಇಷ್ಟೇ. ನಮ್ಮ ಜಿಮ್‌ನಲ್ಲಿ ಜಿಎಚ್ ಪೌಡರ್ ಸಿಗುತ್ತೆ, ಬೇಕಾದರೆ ಟ್ರೈ ಮಾಡಿ.

ಲ್ಯಾಬ್ ಕೋಟು (ಮೈಸೂರು)
ತಮ್ಮಾ, ಜಿಎಚ್ ಪ್ರೋಟೀನು. ನುಂಗಿದರೆ ಹೊಟ್ಟೆಯಲ್ಲೇ ಜೀರ್ಣ ಆಗಿ ಹೋಗುತ್ತೆ, ಅದಕ್ಕೇ ಅದು ಇಂಜೆಕ್ಷನ್. ಡಬ್ಬಿಯಲ್ಲಿ ಏನಿದೆಯೋ ದೇವರಿಗೇ ಗೊತ್ತು. ಮಕ್ಕಳ ವಿಷಯದಲ್ಲಿ ಅದನ್ನ ಇಲ್ಲಿ ತರಬೇಡ.

ಇನ್ನು ನೀನು ಹೇಳಿದ ಲೆಕ್ಕ. ಅದು ಎರಡು ಕಡೆಯಿಂದಲೂ ಸರಿ ಇಲ್ಲ. ಕಮ್ಮಿ ಬರೋಕೆ ಬೇರೆ ಕಾರಣಗಳನ್ನ ಮೇಷ್ಟ್ರು ಆಗಲೇ ಹೇಳಿದ್ದಾರೆ. ಜಿಎಚ್ ಕೊರತೆ ನಿಜವಾಗಿ ಇರೋ ಕೆಲವು ಮಕ್ಕಳಲ್ಲಿ ಐಜಿಎಫ್‌-1 ನಾರ್ಮಲ್ ಒಳಗೇ ಇರೋದೂ ಉಂಟು.

ವಾರ್ಡ್ ಅಕ್ಕ (ಮೈಸೂರು)
ಮಕ್ಕಳ ವಾರ್ಡ್‌ನಲ್ಲಿ ಸ್ಟಾಫ್ ನರ್ಸ್ ನಾನು. ಸ್ಟಿಮ್ಯುಲೇಶನ್ ಟೆಸ್ಟ್‌ಗೆ ಬರೋ ತಂದೆತಾಯಿ ಬಹಳ ಗಾಬರಿಯಾಗಿರ್ತಾರೆ. ಮುಂದೆ ನಿಮಗೂ ಅದು ಬೇಕಾಗಬಹುದು, ಅದಕ್ಕೆ ಬರೀತಿದ್ದೀನಿ.

ಸುಮ್ಮನೆ ಒಂದು ಹೊತ್ತಿನಲ್ಲಿ ಜಿಎಚ್ ಅಳೆದರೆ ಉಪಯೋಗ ಇಲ್ಲ, ಅದಕ್ಕೆ ಔಷಧಿ ಕೊಟ್ಟು ಪಿಟ್ಯುಟರಿಯನ್ನ ತಟ್ಟಿ ಎಬ್ಬಿಸಿ ಅಳೀತಾರೆ. ಮಕ್ಕಳಿಗೆ ಸಾಮಾನ್ಯವಾಗಿ ಕ್ಲೋನಿಡಿನ್ ಮಾತ್ರೆ. ಅದು ಬಿಪಿ ಮಾತ್ರೆಯೇ, ಡೋಸ್ ಮಗುವಿನ ಮೈ ಅಳತೆ ಮೇಲೆ. ಇಲ್ಲವಾದರೆ ಗ್ಲುಕಗಾನ್ ಇಂಜೆಕ್ಷನ್, ಇಲ್ಲ ಆರ್ಜಿನಿನ್ ಡ್ರಿಪ್. ರಾತ್ರಿ ಊಟ ಆದ ಮೇಲೆ ಬರೀ ನೀರು. ಬೆಳಗ್ಗೆ ಬಂದ ತಕ್ಷಣ ಕೈಗೆ ಕ್ಯಾನುಲಾ (ರಕ್ತ ತೆಗೆಯೋ ಸಣ್ಣ ಕೊಳವೆ) ಹಾಕ್ತೀವಿ, ಚುಚ್ಚೋದು ಅದೊಂದೇ ಸಲ. ಕ್ಲೋನಿಡಿನ್ ಆದರೆ ಮಾತ್ರೆಗೆ ಮುಂಚೆ ಒಂದು ಸ್ಯಾಂಪಲ್, ಆಮೇಲೆ ಅರ್ಧ ಅರ್ಧ ಗಂಟೆಗೆ, ಎರಡು ಗಂಟೆ ತನಕ. ಅಷ್ಟರಲ್ಲಿ ಯಾವುದರಲ್ಲಿ ಅತಿ ಹೆಚ್ಚು ಬಂತೋ ಅದೇ ಲೆಕ್ಕ.

ಕ್ಲೋನಿಡಿನ್ ಕೊಟ್ಟ ಮೇಲೆ ಮಗು ತೂಕಡಿಸುತ್ತೆ, ಬಿಪಿ ಇಳಿಯುತ್ತೆ, ಮುಖ ಬಿಳಿಚಿಕೊಳ್ಳುತ್ತೆ. ಅದಕ್ಕೇ ಮಲಗಿಸಿಯೇ ಇಡೋದು. ಮುಗಿದ ಮೇಲೆ ಊಟ ಮಾಡಿಸಿ, ಬಿಪಿ ನೋಡಿ, ಮೆಲ್ಲಗೆ ಕೂರಿಸಿ, ಆಮೇಲೆ ಕಳಿಸ್ತೀವಿ. ಆವತ್ತು ಟೂ ವೀಲರ್‌ನಲ್ಲಿ ಹಿಂದೆ ಕೂರಿಸಿಕೊಂಡು ಮಂಡ್ಯಕ್ಕೆ ಹೊರಡಬೇಡಿ. ನಿದ್ದೆ ಮಂಪರಿನಲ್ಲಿ ಬಿದ್ದುಬಿಡ್ತಾರೆ. ಟ್ರೇನ್‌ನಲ್ಲೋ ಕಾರಿನಲ್ಲೋ ಬನ್ನಿ.

ಇನ್ಸುಲಿನ್ ಕೊಟ್ಟು ಸಕ್ಕರೆ 40ರ ಹತ್ತಿರಕ್ಕೆ ಇಳಿಸಿ ಮಾಡೋ ಟೆಸ್ಟ್ ಕೂಡ ಇದೆ. ಅದು ಹಳೆಯದು, ದೊಡ್ಡವರಲ್ಲಿ ಅದಕ್ಕೆ ಬೆಲೆ ಜಾಸ್ತಿ. ಚಿಕ್ಕ ಮಕ್ಕಳಿಗೆ ಅಪಾಯ, ಡಾಕ್ಟರ್ ಪಕ್ಕದಲ್ಲೇ ನಿಂತಿರಬೇಕು. ಫಿಟ್ಸ್ ಇರೋರಿಗೆ ಅದನ್ನ ಮಾಡೋದೇ ಇಲ್ಲ.

ನಿವೃತ್ತ ಮೇಷ್ಟ್ರು (ಕುವೆಂಪುನಗರ)
ವಾರ್ಡ್ ಅಕ್ಕ ಚೆನ್ನಾಗಿ ಹೇಳಿದರು. ಒಂದು ಮಾತು ಸೇರಿಸ್ತೀನಿ. ಆ ಟೆಸ್ಟನ್ನೂ ತಲೆ ಮೇಲೆ ಹೊತ್ತುಕೊಳ್ಳಬೇಡಿ. ಹಿಂದಿನಿಂದ ಬಂದ ಗಡಿ 10 ನ್ಯಾನೋಗ್ರಾಂ. ಈಗಿನ ಹೊಸ ಕಿಟ್‌ಗಳಲ್ಲಿ 7 ಅಂತ ಕೆಲವರು ಹಿಡೀತಾರೆ. 8 ಬಂದ ಮಗು ಒಬ್ಬ ಡಾಕ್ಟರ ಹತ್ತಿರ ಕೊರತೆ, ಇನ್ನೊಬ್ಬರ ಹತ್ತಿರ ನಾರ್ಮಲ್! ಆರೋಗ್ಯವಾಗಿರೋ ಮಕ್ಕಳೂ ಒಂದು ಟೆಸ್ಟ್‌ನಲ್ಲಿ ಫೇಲ್ ಆಗ್ತಾರೆ. ಅದಕ್ಕೇ ಎರಡು ಬೇರೆ ಬೇರೆ ಔಷಧಿಯಲ್ಲಿ ಮಾಡಿ, ಎರಡರಲ್ಲೂ ಕಮ್ಮಿ ಬಂದರೆ ಮಾತ್ರ ಕೊರತೆ ಅನ್ನೋ ನಿಯಮ. ಹರೆಯದ ಹೊಸ್ತಿಲಲ್ಲಿ ಇರೋ ಮಕ್ಕಳಿಗೆ ಕೆಲವು ಡಾಕ್ಟರು ಟೆಸ್ಟ್‌ಗೆ ಮುಂಚೆ ಸ್ವಲ್ಪ ಲೈಂಗಿಕ ಹಾರ್ಮೋನ್ ಕೊಡೋದೂ ಇದಕ್ಕೇ. ಅದಿಲ್ಲದೆ ಸುಳ್ಳು ಕೊರತೆ ಕಾಣಿಸುತ್ತೆ. ಸ್ಥೂಲಕಾಯದ ಮಕ್ಕಳಲ್ಲೂ ಹಾಗೇ, ಜಿಎಚ್ ಏರೋದೇ ಕಮ್ಮಿ.

ಬರೀ ಒಂದು ಸ್ಯಾಂಪಲ್ ಜಿಎಚ್ ಕೆಲಸಕ್ಕೆ ಬರೋ ಸಂದರ್ಭಗಳೂ ಇವೆ, ನ್ಯಾಯವಾಗಿ ಹೇಳಬೇಕು. ಹುಟ್ಟಿದ ಮೊದಲ ವಾರದಲ್ಲಿ ಶಿಶುವಿನ ಜಿಎಚ್ ಸಹಜವಾಗೇ ಜಾಸ್ತಿ ಇರುತ್ತೆ. ಆಗ ಮಗುವಿಗೆ ಸಕ್ಕರೆ ಪದೇ ಪದೇ ಇಳೀತಾ ಇದ್ದು, ಜಿಎಚ್ 5ಕ್ಕಿಂತ ಕಮ್ಮಿ ಬಂದರೆ ಅದು ದೊಡ್ಡ ಸುಳಿವು. ಇನ್ನೊಂದು ಲರಾನ್ ಸಿಂಡ್ರೋಮ್. ಅಲ್ಲಿ ಜಿಎಚ್ ಬೇಕಾದಷ್ಟು ಇರುತ್ತೆ, ಅದನ್ನ ಹಿಡಿಯೋ ರಿಸೆಪ್ಟರ್ ಕೆಟ್ಟಿರುತ್ತೆ. ಹಾಗಾಗಿ ಜಿಎಚ್ ಜಾಸ್ತಿ, ಐಜಿಎಫ್‌-1 ತಳಕ್ಕೆ. ತೀರಾ ಅಪರೂಪ.

ಪಾಂಡವಪುರದ ಅಳಿಯ
ವಿಷಯ ಸ್ವಲ್ಪ ಬೇರೆ, ಆದರೂ ಇಲ್ಲೇ ಕೇಳ್ತೀನಿ. ನಮ್ಮ ಮಾವನಿಗೆ ಮೂರು ವರ್ಷದ ಹಿಂದೆ ಕಬ್ಬು ಕಡಿಯುವಾಗ ಕೊಳಕುಮಂಡಲ ಕಚ್ಚಿತ್ತು. ಕಿಡ್ನಿ ಕೈಕೊಟ್ಟು ಡಯಾಲಿಸಿಸ್ ಆಗಿ ಉಳಿದುಕೊಂಡರು. ಆಮೇಲಿಂದ ಯಾವಾಗಲೂ ಸುಸ್ತು, ಚಳಿ, ಗಡ್ಡ ಬರ್ತಾನೇ ಇಲ್ಲ. ಈಗ ಡಾಕ್ಟರ್ ಕಾರ್ಟಿಸಾಲ್, ಟಿ4 (ಥೈರಾಯ್ಡ್ ಹಾರ್ಮೋನ್), ಐಜಿಎಫ್‌-1 ಎಲ್ಲ ಬರೆದಿದ್ದಾರೆ. ಹಾವು ಕಚ್ಚಿದ್ದಕ್ಕೂ ಬೆಳವಣಿಗೆ ಹಾರ್ಮೋನಿಗೂ ಏನು ಸಂಬಂಧ? 52 ವರ್ಷದವರಿಗೆ ಎತ್ತರದ ಟೆಸ್ಟ್ ಯಾಕೆ?

ನಿವೃತ್ತ ಮೇಷ್ಟ್ರು (ಕುವೆಂಪುನಗರ)
ಸಂಬಂಧ ಇದೆ, ನಿಮ್ಮ ಡಾಕ್ಟರು ಜಾಣರು. ಕೊಳಕುಮಂಡಲದ ವಿಷ ರಕ್ತ ಹೆಪ್ಪುಗಟ್ಟುವ ವ್ಯವಸ್ಥೆಯನ್ನೇ ಕೆಡಿಸುತ್ತೆ. ಕೆಲವರಲ್ಲಿ ಪಿಟ್ಯುಟರಿಗೆ ರಕ್ತ ನಿಂತೋ, ಒಳಗೇ ರಕ್ತಸ್ರಾವ ಆಗಿಯೋ ಅದು ಹಾಳಾಗುತ್ತೆ. ಕಿಡ್ನಿಗೆ ಪೆಟ್ಟು ಬಿದ್ದವರಲ್ಲಿ ಇದು ಹೆಚ್ಚು ಕಂಡಿದೆ. ಬರ್ಮಾ, ಶ್ರೀಲಂಕಾ, ನಮ್ಮ ದಕ್ಷಿಣ ಭಾರತದಿಂದ ವರದಿಗಳಿವೆ. ವರ್ಷಗಳಾದ ಮೇಲೆ ಗೊತ್ತಾಗೋದೂ ಉಂಟು. ಹೆರಿಗೆಯಲ್ಲಿ ತುಂಬ ರಕ್ತ ಹೋದ ತಾಯಂದಿರಲ್ಲೂ ಇದೇ ಥರ ಆಗುತ್ತೆ, ಅದಕ್ಕೆ ಶೀಹನ್ ಸಿಂಡ್ರೋಮ್ ಅಂತಾರೆ. ಎದೆಹಾಲು ಬರಲ್ಲ, ಮುಟ್ಟು ವಾಪಸ್ ಬರಲ್ಲ.

ದೊಡ್ಡವರಲ್ಲಿ ಜಿಎಚ್ ಎತ್ತರಕ್ಕಲ್ಲ. ಮಾಂಸಖಂಡ, ಕೊಬ್ಬು, ಮೂಳೆ, ಶಕ್ತಿ ಇವಕ್ಕೆ. ಪಿಟ್ಯುಟರಿಯ ಬೇರೆ ಮೂರು ಹಾರ್ಮೋನ್ ಕೈಕೊಟ್ಟು, ಜೊತೆಗೆ ಐಜಿಎಫ್‌-1 ವಯಸ್ಸಿಗೆ ಕಮ್ಮಿ ಇದ್ದರೆ ದೊಡ್ಡವರಲ್ಲಿ ಸ್ಟಿಮ್ಯುಲೇಶನ್ ಟೆಸ್ಟ್ ಬೇಕಾಗೋದೇ ಇಲ್ಲ, ಅಷ್ಟಕ್ಕೇ ಕೊರತೆ ಅಂತ ಒಪ್ಪುತ್ತಾರೆ. ಆದರೆ ನಿಮ್ಮ ಮಾವನ ವಿಷಯದಲ್ಲಿ ತುರ್ತು ಇರೋದು ಕಾರ್ಟಿಸಾಲ್, ಮೈಗೆ ಒತ್ತಡ ತಡೆಯೋ ಶಕ್ತಿ ಕೊಡೋ ಹಾರ್ಮೋನ್. ಅದು ಕಮ್ಮಿ ಇದ್ದರೆ ಮೊದಲು ಅದನ್ನ ಕೊಟ್ಟು, ಆಮೇಲೇ ಥೈರಾಯ್ಡ್ ಮಾತ್ರೆ ಶುರು ಮಾಡಬೇಕು. ತಿರುವುಮುರುವು ಆದರೆ ಜೀವಕ್ಕೇ ಅಪಾಯ. ಆ ರಿಪೋರ್ಟ್ ಬಂದ ದಿನವೇ ಡಾಕ್ಟರಿಗೆ ತೋರಿಸಿ, ಸೋಮವಾರ ನೋಡೋಣ ಅನ್ನಬೇಡಿ.

ಪಾಂಡವಪುರದ ಅಳಿಯ
ತುಂಬ ಉಪಕಾರ ಸರ್. ನಾಳೆ ಬೆಳಗ್ಗೆಯೇ ರಕ್ತ ಕೊಡಿಸ್ತೀನಿ.

ಸರಸ್ವತಿಪುರಂ ಅಮ್ಮ
ನಮ್ಮ ಮಗಳಿಗೆ ಜಿಎಚ್ ಕೊರತೆ ಖಚಿತ ಆಗಿ ಇಂಜೆಕ್ಷನ್ ನಡೀತಿದೆ. ಎಂಆರ್‌ಐನಲ್ಲಿ ಪಿಟ್ಯುಟರಿ ಚಿಕ್ಕದಾಗಿ ಕಂಡಿತ್ತು, ಹಾಗಾಗಿ ನಮಗೆ ಅನುಮಾನ ಉಳಿದಿರಲಿಲ್ಲ. ಕಬ್ಬಿನಗದ್ದೆ ಅವರೇ, ನಮ್ಮ ಡಾಕ್ಟರ್ ಮೊದಲ ಭೇಟಿಯಲ್ಲಿ ರಕ್ತದ ರಿಪೋರ್ಟ್ ನೋಡಲೇ ಇಲ್ಲ. ಹಳೆಯ ಎತ್ತರ ಕೇಳಿದರು. ತಾಯಿ ಕಾರ್ಡ್, ಅಂಗನವಾಡಿಯಲ್ಲಿ ಬರೆದದ್ದು, ಶಾಲೆಯ ಹೆಲ್ತ್ ಕಾರ್ಡ್, ಏನಿದ್ದರೂ ತನ್ನಿ ಅಂದರು. 4 ವರ್ಷದಿಂದ ಹರೆಯದ ತನಕ ಮಗು ವರ್ಷಕ್ಕೆ ಸುಮಾರು 5-6 ಸೆಂ.ಮೀ. ಬೆಳೀಬೇಕಂತೆ. 4ಕ್ಕಿಂತ ಕಮ್ಮಿ ಆದರೆ ತಡ ಮಾಡಬಾರದು. ನಮ್ಮವಳು ಎರಡು ವರ್ಷದಲ್ಲಿ 6 ಕೂಡ ಬೆಳೆದಿರಲಿಲ್ಲ.

ಹೆಣ್ಣುಮಕ್ಕಳು ಇರೋರಿಗೆ ಒಂದು ಮಾತು: ಕುಳ್ಳಗಿದ್ದರೆ ಕ್ಯಾರಿಯೋಟೈಪ್ ಅಂತ ಒಂದು ರಕ್ತ ಪರೀಕ್ಷೆ ಮಾಡಿಸ್ತಾರೆ, ಟರ್ನರ್ ಸಿಂಡ್ರೋಮ್ (ಹೆಣ್ಣುಮಕ್ಕಳಲ್ಲಿ ಒಂದು ಎಕ್ಸ್ ಕ್ರೋಮೋಸೋಮ್ ಪೂರ್ತಿಯಾಗೋ ಭಾಗಶಃವೋ ಇಲ್ಲದಿರೋದು) ಇದೆಯಾ ನೋಡೋಕೆ. ಅದರಲ್ಲಿ ಜಿಎಚ್, ಐಜಿಎಫ್ ಎರಡೂ ಸರಿ ಇದ್ದರೂ ಮಗು ಸರಿಯಾಗಿ ಬೆಳೆಯಲ್ಲ. ಬೇಡ ಅನ್ನಬೇಡಿ.

ಇಂಜೆಕ್ಷನ್ ಶುರುವಾದ ಮೇಲೂ ಐಜಿಎಫ್‌-1 ಮಾಡಿಸ್ತಾ ಇರಬೇಕು. ಆಗ ಅದರ ಕೆಲಸ ಬೇರೆ. ಏರದೇ ಇದ್ದರೆ ಡೋಸ್ ಸಾಲದು, ಇಲ್ಲ ಇಂಜೆಕ್ಷನ್ ತಪ್ಪಿಸ್ತಿದ್ದೀರಿ. ಮೇಲಿನ ಗೆರೆ ದಾಟಿದರೆ ಡೋಸ್ ಇಳಿಸ್ತಾರೆ. ಫ್ರೀ ಟಿ4 ಕೂಡ ನೋಡ್ತಾರೆ, ಕೆಲವರಿಗೆ ಇಂಜೆಕ್ಷನ್ ಶುರುವಾದ ಮೇಲೆ ಥೈರಾಯ್ಡ್ ಕೊರತೆ ಹೊರಗೆ ಬೀಳುತ್ತೆ. ಖರ್ಚಿನ ವಿಷಯ ಇಲ್ಲಿ ಬೇಡ, ಬರೆದರೆ ಅಳು ಬರುತ್ತೆ. ಅದಕ್ಕೇ ಹೇಳೋದು, ಸುಳ್ಳು ಕೊರತೆಗೆ ದುಡ್ಡು ಸುರೀಬೇಡಿ.

ಕಬ್ಬಿನಗದ್ದೆ (ಮಂಡ್ಯ)
ಮೇಡಂ, ಶಾಲೆಯ ಕಾರ್ಡ್ ಹುಡುಕಿದೆ. ಹೋದ ವರ್ಷ ಇದೇ ತಿಂಗಳು 122.5 ಇದ್ದ. ಅಂದರೆ 4.5 ಸೆಂ.ಮೀ. ನನ್ನ ಎತ್ತರ 163, ಅವರಮ್ಮ 150. ನಾನೂ ಪಿಯುಸಿಯಲ್ಲೇ ಉದ್ದ ಆದದ್ದು, ಎಸ್ಸೆಸ್ಸೆಲ್ಸಿ ಫೋಟೋದಲ್ಲಿ ಹುಡುಗಿಯರಿಗಿಂತ ಗಿಡ್ಡ.

ನಿವೃತ್ತ ಮೇಷ್ಟ್ರು (ಕುವೆಂಪುನಗರ)
ಇದನ್ನ ಮೊದಲೇ ಹೇಳಬಾರದಿತ್ತೇನ್ರೀ! ಗಂಡು ಮಗುವಿಗೆ ಅಪ್ಪ ಅಮ್ಮನ ಎತ್ತರ ಕೂಡಿಸಿ, 13 ಸೇರಿಸಿ, ಅರ್ಧ ಮಾಡಿ. 163, 150, 13 ಸೇರಿದರೆ 326, ಅರ್ಧ 163. ಹೆಣ್ಣು ಮಗುವಾದರೆ 13 ಕಳೀಬೇಕು. ಅದರ ಆಚೆ ಈಚೆ ಸುಮಾರು 8 ಸೆಂ.ಮೀ. ಹಿಡೀರಿ. ನಿಮ್ಮ ಮಗ ಆರಡಿ ಆಗೋ ಮನೆತನದವನಲ್ಲ. ಜೊತೆಗೆ ಅಪ್ಪನೂ ತಡವಾಗಿ ಬೆಳೆದವನು. ಎಡಗೈ ಎಕ್ಸ್-ರೇ ತೆಗೆಸಿದರೆ ಮೂಳೆಯ ವಯಸ್ಸು ಗೊತ್ತಾಗುತ್ತೆ. ಮೂಳೆಗೆ 9 ವರ್ಷ ಅಂತ ಬಂದರೆ ಐಜಿಎಫ್‌-1 ಅನ್ನೂ 9 ವರ್ಷದ ಹುಡುಗರ ರೇಂಜ್‌ಗೆ ಹಿಡಿದು ನೋಡಬೇಕು. ಆಗ 108ರ ಕೆಂಪು ಬಣ್ಣ ಹೋದರೂ ಹೋಯಿತು. ಆದರೆ ಬರೀ ಎಕ್ಸ್-ರೇಯಿಂದ ತೀರ್ಮಾನ ಆಗಲ್ಲ, ಜಿಎಚ್ ಕೊರತೆಯಲ್ಲೂ ಮೂಳೆ ಹಿಂದೆ ಬೀಳುತ್ತೆ.

ವಾರ್ಡ್ ಅಕ್ಕ (ಮೈಸೂರು)
4.5 ಅನ್ನೋದು ಗಡಿಯಲ್ಲಿದೆ, ಪೂರ್ತಿ ಬಿಡೋ ಹಾಗೂ ಇಲ್ಲ. ಹೋದ ವರ್ಷ ಶಾಲೆಯಲ್ಲಿ ಶೂ ಹಾಕಿ ಅಳೆದರೋ ಏನೋ. ಗೋಡೆಗೆ ಹಿಮ್ಮಡಿ ತಾಗಿಸಿ, ಬರಿಗಾಲಲ್ಲಿ, ಬೆಳಗ್ಗೆ ಹೊತ್ತೇ ಅಳೆಯಿರಿ. ಸಂಜೆಗೆ ಎಲ್ಲರೂ ಸ್ವಲ್ಪ ಕುಗ್ಗಿರ್ತೀವಿ. ಮಕ್ಕಳ ಎಂಡೋಕ್ರೈನ್ (ಹಾರ್ಮೋನ್) ಡಾಕ್ಟರನ್ನ ಒಂದು ಸಲ ನೋಡಿ. ಅಸ್ತಮಾಕ್ಕೋ ಚರ್ಮಕ್ಕೋ ಸ್ಟಿರಾಯ್ಡ್ ಕೊಟ್ಟಿದ್ದರೆ ಅದನ್ನೂ ಹೇಳಿ, ಅದರಿಂದಲೂ ಬೆಳವಣಿಗೆ ನಿಧಾನ ಆಗಬಹುದು.

ಕೆ.ಆರ್. ಮೊಹಲ್ಲಾ
ನನ್ನದು ಉಲ್ಟಾ ಕೇಸ್. ಚಪ್ಪಲಿ ಸೈಜ್ ಎರಡು ಜಾಸ್ತಿ ಆಗಿದೆ, ಮದುವೆ ಉಂಗುರ ಕತ್ತರಿಸಿ ತೆಗೆಸಬೇಕಾಯಿತು, ಹಲ್ಲಿನ ಸಂದಿ ಅಗಲ ಆಗಿದೆ. ಸಕ್ಕರೆ, ಬಿಪಿ ಎರಡೂ ಬಂದಿವೆ. ಐಜಿಎಫ್‌-1 ವಯಸ್ಸಿನ ರೇಂಜ್‌ಗಿಂತ ಎರಡರಷ್ಟು. ಈಗ ಗ್ಲೂಕೋಸ್ ಕುಡಿಸಿ ಜಿಎಚ್ ನೋಡ್ತಾರಂತೆ. ಗ್ಲೂಕೋಸ್ ಯಾಕೆ?

ಲ್ಯಾಬ್ ಕೋಟು (ಮೈಸೂರು)
ಸಕ್ಕರೆ ಏರಿದರೆ ಜಿಎಚ್ ತಾನಾಗೇ ಇಳೀಬೇಕು ಸರ್. 75 ಗ್ರಾಂ ಗ್ಲೂಕೋಸ್ ಕುಡಿದ ಮೇಲೆ ಎರಡು ಗಂಟೆ ತನಕ ಆಗಾಗ ರಕ್ತ ತೆಗೀತಾರೆ. ಆರೋಗ್ಯವಂತರಲ್ಲಿ 1ಕ್ಕಿಂತ ಕೆಳಗೆ ಹೋಗುತ್ತೆ, ಸೂಕ್ಷ್ಮ ಕಿಟ್‌ನಲ್ಲಿ 0.4 ಅಂತ ಗಡಿ ಹಿಡೀತಾರೆ. ಪಿಟ್ಯುಟರಿಯ ಗಡ್ಡೆಯಿಂದ ಬರ್ತಿರೋ ಜಿಎಚ್ ಆದರೆ ಇಳಿಯಲ್ಲ. ನೀವು ಹೇಳಿದ ಲಕ್ಷಣಗಳು ಅಕ್ರೊಮೆಗಲಿಗೆ, ಅಂದರೆ ದೊಡ್ಡವರಲ್ಲಿ ಜಿಎಚ್ ಅತಿಯಾಗಿ ಬರೋ ಕಾಯಿಲೆಗೆ, ಹೊಂದುತ್ತವೆ. ಸಕ್ಕರೆ ಕಾಯಿಲೆ ಈಗಾಗಲೇ ಇರೋದರಿಂದ ಆ ಗ್ಲೂಕೋಸ್ ಕುಡಿಯೋದರ ಬಗ್ಗೆ ನಿಮ್ಮ ಡಾಕ್ಟರನ್ನ ಕೇಳಿ, ಎಲ್ಲರಿಗೂ ಮಾಡಲ್ಲ. ಎಂಆರ್‌ಐ ತಪ್ಪಿಸಬೇಡಿ.

ಕಬ್ಬಿನಗದ್ದೆ (ಮಂಡ್ಯ)
ಎಲ್ಲರಿಗೂ ಅಪ್‌ಡೇಟ್. ಮೈಸೂರಿನಲ್ಲಿ ಡಾಕ್ಟರನ್ನ ನೋಡಿದೆವು. ಮೂಳೆ ವಯಸ್ಸು 9 ವರ್ಷ. ಹರೆಯ ಇನ್ನೂ ಶುರುವಾಗಿಲ್ಲ. ಪ್ಯಾಕೇಜ್ ರಿಪೋರ್ಟ್‌ನ ಜಿಎಚ್ ಮೇಲೆ ಪೆನ್ನಿನಲ್ಲಿ ಗೀಟು ಎಳೆದರು. 108 ಅವನ ಮೂಳೆ ವಯಸ್ಸಿಗೆ ಕೆಳಗಿನ ಕಡೆ ಇದೆ, ಆದರೆ ರೇಂಜ್ ಒಳಗೇ ಇದೆ ಅಂದರು. ಹಿಮೋಗ್ಲೋಬಿನ್ 9.8 ಬಂದಿದೆ, ಕಬ್ಬಿಣದ ಟಾನಿಕ್ ಕೊಟ್ಟಿದ್ದಾರೆ, ಜಂತುಹುಳಕ್ಕೆ ಮಾತ್ರೆ. ಆರು ತಿಂಗಳು ಊಟ ಸರಿ ಮಾಡಿ, ಮತ್ತೆ ಎತ್ತರ ಅಳೆದು, ಆಮೇಲೆ ಸ್ಟಿಮ್ಯುಲೇಶನ್ ಟೆಸ್ಟ್ ಬೇಕಾ ನೋಡೋಣ ಅಂದರು.

ಎರಡು ಪ್ರಶ್ನೆ. ಸಿಲಿಯಾಕ್ ಟೆಸ್ಟ್ ಬರೆದಿದ್ದಾರೆ, ಗೋಧಿ ಆಗದವರಿಗೆ ಮಾಡೋದಂತೆ. ನಮ್ಮ ಮನೇಲಿ ಮುದ್ದೆ ಅನ್ನ ಬಿಟ್ಟರೆ ಗೋಧಿ ಅಪರೂಪ, ಮಾಡಿಸಬೇಕಾ? ಇನ್ನೊಂದು, ಅವರಮ್ಮ ಕೂದಲು ಉದುರತ್ತೆ ಅಂತ ತಗೊಳ್ಳೋ ಬಯೋಟಿನ್ ಗಮ್ಮಿ (ವಿಟಮಿನ್ ಮಿಠಾಯಿ) ಇವನೂ ತಿಂತಾನೆ. ಅದರಿಂದ ತೊಂದರೆ ಇದೆಯಾ?

ಲ್ಯಾಬ್ ಕೋಟು (ಮೈಸೂರು)
ಸಿಲಿಯಾಕ್ ಮಾಡಿಸಿ. ಉತ್ತರ ಭಾರತದಷ್ಟು ನಮ್ಮಲ್ಲಿ ಇಲ್ಲ, ಆದರೂ ಹೊಟ್ಟೆನೋವಿಲ್ಲದೆ ಬರೀ ಎತ್ತರ ಕಮ್ಮಿ, ರಕ್ತ ಕಮ್ಮಿ ಅಂತಲೇ ಕಾಣಿಸಿಕೊಳ್ಳೋ ಕಾಯಿಲೆ ಅದು. ಟೋಟಲ್ ಐಜಿಎ (ರಕ್ತದಲ್ಲಿರೋ ಒಂದು ಥರದ ಪ್ರತಿಕಾಯ) ಕೂಡ ಜೊತೆಗೆ ಬರೆದಿದ್ದಾರಾ ನೋಡಿ. ಅದು ಹುಟ್ಟಿನಿಂದಲೇ ಕಮ್ಮಿ ಇರೋರಲ್ಲಿ ಟೆಸ್ಟ್ ಸುಳ್ಳಾಗಿ ನೆಗೆಟಿವ್ ಬರುತ್ತೆ. ಗೋಧಿ ತಿನ್ನದಿದ್ದರೂ ಹಾಗೇ ಆಗುತ್ತೆ. ಆದರೆ ನಿಮ್ಮ ಹುಡುಗ ಬಿಸ್ಕತ್ತು, ಬನ್ನು, ರಸ್ಕು, ಪರೋಟ ತಿಂತಾನಲ್ವಾ? ಅದೂ ಗೋಧಿಯೇ, ಮೈದಾ ಅಂದರೂ ಗೋಧಿಯೇ. ದಿನಾ ಎಷ್ಟು ತಿಂತಾನೆ ಅಂತ ಡಾಕ್ಟರಿಗೆ ಹೇಳಿ, ಸಾಲದಿದ್ದರೆ ಟೆಸ್ಟ್‌ಗೆ ಮುಂಚೆ ಕೆಲವು ವಾರ ತಿನ್ನಿಸೋಕೆ ಅವರೇ ಹೇಳ್ತಾರೆ.

ಬಯೋಟಿನ್ ಜಾಸ್ತಿ ಇದ್ದರೆ ಕೆಲವು ಮಷಿನ್‌ಗಳಲ್ಲಿ ಹಾರ್ಮೋನ್ ರಿಪೋರ್ಟ್ ಅಡ್ಡಾದಿಡ್ಡಿ ಬರುತ್ತೆ. ಟಿಎಸ್‌ಎಚ್‌ಗೂ ಇದು ಅನ್ವಯ. ಗಮ್ಮಿ ಈಗಿಂದಲೇ ನಿಲ್ಲಿಸಿ, ಮುಂದಿನ ಸಲ ರಕ್ತ ಕೊಡುವಾಗ ಇದನ್ನ ಹೇಳಿ. ಐಜಿಎಫ್‌-1 ಮತ್ತೆ ಮಾಡಿಸೋದಾದರೆ ಇವೆರಡನ್ನ ಕೇಳಿ: ವಯಸ್ಸು ಮತ್ತು ಲಿಂಗದ ರೇಂಜ್ ಹಾಕ್ತಾರಾ, ಝಡ್ ಸ್ಕೋರ್ (ಅದೇ ವಯಸ್ಸಿನವರ ಸರಾಸರಿಯಿಂದ ಎಷ್ಟು ದೂರ ಅನ್ನೋ ಲೆಕ್ಕ) ಕೊಡ್ತಾರಾ. ಬೆಂಗಳೂರಿಗೋ ಮುಂಬೈಗೋ ಕಳಿಸೋ ಸ್ಯಾಂಪಲ್ ಆದರೆ ಸೀರಂ ಬೇಗ ಬೇರೆ ಮಾಡಿ ತಣ್ಣಗೆ ಇಟ್ಟು ಕಳಿಸಬೇಕು. ಶನಿವಾರ ಮಧ್ಯಾಹ್ನ ಕೊಡಬೇಡಿ, ಭಾನುವಾರ ಕೊರಿಯರ್ ಇರಲ್ಲ. ಆಮೇಲೆ ಪ್ರತಿ ಸಲವೂ ಅದೇ ಲ್ಯಾಬ್‌ನಲ್ಲಿ ಮಾಡಿಸಿ.

ಸರಸ್ವತಿಪುರಂ ಅಮ್ಮ
ಮೊಟ್ಟೆ ತಿನ್ನಲ್ಲ ಅಂದರೆ ಹುರಿದ ಕಡಲೆಕಾಯಿ, ಅವರೆಕಾಳು ಸಾರು, ಮೊಸರು ಕೊಡಿ. ಮುದ್ದೆಗೆ ಬಸ್ಸಾರು ಮಾಡಿದ ದಿನ ಆ ಬೇಯಿಸಿದ ಕಾಳೂ ಸೊಪ್ಪೂ ಪಲ್ಯ ಮಾಡಿ ಅವನಿಗೇ ಬಡಿಸಿ, ಬರೀ ಸಾರು ಹಾಕಬೇಡಿ. ಟಾನಿಕ್ ಜೊತೆ ಹಾಲು ಬೇಡ, ನಿಂಬೆ ಶರಬತ್ತು ಪರವಾಗಿಲ್ಲ. ಅಜ್ಜಿಗೆ ಒಂದು ಮಾತು ಹೇಳಿ, ಅವನ ಮುಂದೆ ಎತ್ತರದ ಸುದ್ದಿ ತೆಗೆಯೋದು ಬೇಡ ಅಂತ.

ಕಬ್ಬಿನಗದ್ದೆ (ಮಂಡ್ಯ)
ಅಜ್ಜಿಗೆ ಹೇಳೋ ಧೈರ್ಯ ನನಗಿಲ್ಲ ಮೇಡಂ, ಅದನ್ನ ನಮ್ಮ ಮನೆಯವರಿಗೆ ಬಿಟ್ಟಿದ್ದೀನಿ. ಆರು ತಿಂಗಳಾದ ಮೇಲೆ ಹೊಸ ಅಳತೆ ಇಲ್ಲೇ ಹಾಕ್ತೀನಿ.